ಇಂಗ್ಲೆಂಡಿನಲ್ಲಿ ಹಳೇ ಕಾರು ಕೊಳ್ಳಲಿರುವ ತಮ್ಮನಿಗೆ

ತಮ್ಮಾ, ಮುಂದಿನ ತಿಂಗಳು ಲೀಡ್ಸ್‌ಗೆ ಹೊರಟಿದ್ದೀಯ, ಒಂದೂವರೆ ಸಾವಿರ ಪೌಂಡಿನ ಹಳೇ ಕಾರೊಂದನ್ನು ನೋಡಿಟ್ಟಿದ್ದೀಯ. "ಎಂಒಟಿ ಇದೆ, ಇನ್ಶೂರೆನ್ಸ್ ಮಾಡಿಸ್ತೀನಿ, ಪೊಲೀಸರು ನಿಲ್ಲಿಸಿದ್ರೆ ಇಷ್ಟು ಸಾಕಲ್ವಾ ಅಣ್ಣಾ" ಅಂತ ಕೇಳಿದ್ದೀಯ. ಸಾಕಾಗಲ್ಲ, ಗಾಡಿಯ ಸ್ಥಿತಿಯನ್ನೂ ನೋಡ್ತಾರೆ. ಎಂಒಟಿ ಅಂದರೆ ಅಲ್ಲಿ ಹಳೇ ಕಾರಿಗೆ ವರ್ಷಕ್ಕೊಮ್ಮೆ ಮಾಡಿಸೋ ತಪಾಸಣೆ, ನಮ್ಮ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದ್ದ ಹಾಗೆ.

ನಮ್ಮ ದಾವಣಗೆರೆಯಲ್ಲಿ ಸ್ವಂತ ಕಾರಿಗೆ 15 ವರ್ಷದವರೆಗೆ ಎಫ್‌ಸಿ ಗೊಡವೆ ಇಲ್ಲ, ಅದೇನಿದ್ದರೂ ಹಳದಿ ಬೋರ್ಡಿನವರಿಗೆ. ಪಿ.ಬಿ. ರಸ್ತೆಯಲ್ಲಿ ಕೈ ಅಡ್ಡ ಹಿಡಿದರೆ ನಾವು ಡಿಎಲ್, ಇನ್ಶೂರೆನ್ಸ್, ಎಮಿಷನ್ ಚೀಟಿ ಹುಡುಕ್ತೀವಿ. ನಾನೂ ಅದೇ ಅಭ್ಯಾಸದಲ್ಲಿ ಹೋದವನು.

ಅಲ್ಲಿ ಮೊದಲ ಚಳಿಗಾಲ. ಸಂಜೆ ನಾಲ್ಕೂವರೆಗೇ ಕತ್ತಲು, ಎಡಗಡೆ ಹೆಡ್‌ಲೈಟ್ ಸತ್ತಿತ್ತು, ನಿಲ್ಲಿಸಿದರು. ಆ ಪೊಲೀಸ್ ನನ್ನ ಕಾಗದ ಕೇಳೋದಕ್ಕೆ ಮುಂಚೆ ಒದ್ದೆ ರಸ್ತೆ ಮೇಲೆ ಮಂಡಿಯೂರಿ ಟಾರ್ಚ್ ಬಿಟ್ಟ. ಸ್ಟೀರಿಂಗ್ ಪೂರ್ತಿ ತಿರುಗಿಸು ಅಂದ. ಆಗ ಕಂಡಿತು: ಮುಂದಿನ ಟೈರು ಹೊರಗಿನಿಂದ ಚೆನ್ನಾಗಿದೆ, ಒಳಗಿನ ಅಂಚು ನುಣ್ಣಗೆ ಸವೆಯುತ್ತಾ ಬಂದಿದೆ. ಗೀರಿನೊಳಗೆ ಅಳತೆ ಕಡ್ಡಿ ಇಟ್ಟು ನೋಡಿದ. ಕೂದಲೆಳೆಯಲ್ಲಿ ಪಾರಾದೆ. ಕಾರು ಮಾರಿದವನು ಆ ಟೈರಿನ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಹೆಡ್‌ಲೈಟಿಗೆ ನೋಟಿಸ್ ಕೊಟ್ಟ: 14 ದಿನದೊಳಗೆ ರಿಪೇರಿ ಮಾಡಿಸಿ ಪುರಾವೆ ತೋರಿಸಬೇಕು. ತೋರಿಸಿದೆ, ದಂಡ ಬೀಳಲಿಲ್ಲ. ಸಣ್ಣ ದೋಷಕ್ಕೆ ಹೀಗೊಂದು ಅವಕಾಶ ಸಿಗಬಹುದು. ಸಿಕ್ಕರೆ ಆ ನೋಟಿಸನ್ನು ಸೀಟಿನ ಕೆಳಗೆ ಹಾಕಿ ಮರೀಬೇಡ.

ಟೈರಿನ ವಿಷಯ ಹಾಗಲ್ಲ. ಗೀರಿನ ಆಳ ಕನಿಷ್ಠ 1.6 ಮಿ.ಮೀ. ಇರಲೇಬೇಕು. ಇಲ್ಲದಿದ್ದರೆ ಒಂದೊಂದು ಟೈರಿಗೂ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸಿನ ಮೇಲೆ 3 ಪೆನಾಲ್ಟಿ ಪಾಯಿಂಟ್ (ತಪ್ಪಿನ ಅಂಕ). ನಿನ್ನ ಇಲ್ಲಿನ ಡಿಎಲ್ ಅಲ್ಲಿ 12 ತಿಂಗಳು ನಡೆಯುತ್ತೆ, ಆಮೇಲೆ ಅವರ ಟೆಸ್ಟ್ ಪಾಸು ಮಾಡಬೇಕು. ಪಾಸಾದ ಎರಡು ವರ್ಷದೊಳಗೆ 6 ಪಾಯಿಂಟ್ ಆದರೆ ಲೈಸೆನ್ಸ್ ರದ್ದು. ಲೆಕ್ಕ ಹಾಕು: ಎರಡು ಬೋಳು ಟೈರಿಗೆ ಅಷ್ಟು ಕಷ್ಟಪಟ್ಟು ಪಡೆದದ್ದು ಕೈಬಿಟ್ಟು ಹೋಗುತ್ತೆ. ದುಡ್ಡಿನ ಮಾತು ಆಮೇಲಿರಲಿ, ಅಲ್ಲಿ ಮಳೆ ನಿಂತಿದ್ದೇ ಅಪರೂಪ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಜಾರಿದ್ದನ್ನು ನೋಡಿದ್ದೀನಿ, ಅದಕ್ಕೇ ಇಷ್ಟು ಹೇಳ್ತಿರೋದು.

ಎಂಒಟಿ ಅಂದರೆ ಪರೀಕ್ಷೆ ಮಾಡಿದ ದಿನ ಗಾಡಿ ಸರಿ ಇತ್ತು ಅಂತ, ಅಷ್ಟೇ. ಅದಿದ್ದರೂ ಗಾಡಿ ಅಪಾಯದ ಸ್ಥಿತಿಯಲ್ಲಿದ್ದರೆ ಕೇಸು ಓಡಿಸುವವನ ಮೇಲೇ. ಕಾರಿನ ನಂಬರ್ ಹಾಕಿದರೆ ಹಳೆಯ ಎಂಒಟಿಗಳ ವಿವರ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. 'ಅಡ್ವೈಸರಿ' ಅಂತ ಬರೆದಿರೋದನ್ನು ಸಾಲು ಸಾಲು ಓದು. ಪಾಸ್ ಆಗಿದೆ, ಆದರೆ ಸವೆಯುತ್ತಿದೆ ಅಂತ ಅರ್ಥ. ಒಂದೇ ಮಾತು ಎರಡು ವರ್ಷ ಬಂದಿದ್ದರೆ ಆ ಕಾರು ಬಿಟ್ಟುಬಿಡು.

ಡೆಲಿವರಿ ವ್ಯಾನ್ ಕೆಲಸಕ್ಕೆ ಸೇರಿದರೆ ಇನ್ನೂ ಎಚ್ಚರ. ರಸ್ತೆ ಬದಿಯಲ್ಲೇ ತಪಾಸಣೆ ಮಾಡಿ, ದೋಷ ದೊಡ್ಡದಾದರೆ ಸರಿಯಾಗೋವರೆಗೆ ಗಾಡಿ ಅಲ್ಲಾಡಿಸೋಕೆ ಬಿಡಲ್ಲ.

ರಜೆಗೆ ಬಂದಿದ್ದೀನಿ, ಭಾನುವಾರದವರೆಗೆ ಇಲ್ಲೇ ಇರ್ತೀನಿ. ಸಂಜೆ ಮನೆ ಕಡೆ ಬಾ. ನನ್ನ ಪರ್ಸಿನಲ್ಲಿ ಯಾವಾಗಲೂ ಒಂದು 20 ಪೆನ್ನಿ ನಾಣ್ಯ ಇರುತ್ತೆ. ಅದನ್ನು ಗೀರಿನೊಳಗೆ ನಿಲ್ಲಿಸಿದಾಗ ಸುತ್ತಲಿನ ಅಂಚುಪಟ್ಟಿ ಕಂಡರೆ ಟೈರು ಮುಗಿದಿರಬಹುದು, ತಕ್ಷಣ ಗ್ಯಾರೇಜಿನಲ್ಲಿ ಅಳೆಸಬೇಕು. ಅಪ್ಪನ ಕಾರಿನ ಟೈರಿನ ಮೇಲೇ ತೋರಿಸಿ, ಆ ನಾಣ್ಯ ನಿನಗೇ ಕೊಡ್ತೀನಿ.