ಸಂಪಾದಕರ ಉತ್ತರ: ನಾಲ್ಕು ಎಕರೆಯ ಗುಂಡಿ ಹೊಳೆಯ ನೆರೆಯನ್ನು ತಡೆದೀತೇ?

ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಹೊಂದಿಕೊಂಡು ಜಮೀನು ಇರುವ ಓದುಗರೊಬ್ಬರು ಬರೆದಿದ್ದಾರೆ: ತಮ್ಮ ನಾಲ್ಕು ಎಕರೆ ಪಟ್ಟಾ ಭೂಮಿಯ ಅಡಿಯಲ್ಲಿರುವ ಗರಸು (ಹರಳುಕಲ್ಲು) ಮತ್ತು ಉಸುಕನ್ನು 20 ಅಡಿ ಆಳದವರೆಗೆ ತೆಗೆಯಲು ಗುತ್ತಿಗೆದಾರರೊಬ್ಬರು ಕೇಳುತ್ತಿದ್ದಾರೆ. ಆ ಗುಂಡಿ ಪ್ರವಾಹದ ನೀರನ್ನು ಹೀರಿಕೊಂಡು ಊರನ್ನು ಉಳಿಸುತ್ತದೆ, ಬೇಸಿಗೆಗೆ ಅದೇ ಕೆರೆಯಾಗುತ್ತದೆ, ಜಮೀನು ಸಣ್ಣದಾದ್ದರಿಂದ ಪರಿಸರ ಅನುಮತಿಯೂ ಬೇಕಿಲ್ಲ ಎಂದು ಅವರು ಹೇಳುತ್ತಾರಂತೆ. ಒಪ್ಪಬಹುದೇ ಎಂಬುದು ಓದುಗರ ಪ್ರಶ್ನೆ.

ಮಾನ್ಯರೇ,

ಕೊನೆಯ ಮಾತನ್ನು ಮೊದಲು ಮುಗಿಸುತ್ತೇವೆ, ಏಕೆಂದರೆ ಅದರಲ್ಲಿ ಚರ್ಚೆಗೆ ಎಡೆಯಿಲ್ಲ. 5 ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಉಪಖನಿಜ (ಉಸುಕು, ಗರಸಿನಂಥವು) ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 27ರಂದೇ ಹೇಳಿದೆ. ನಿಮ್ಮ 4 ಎಕರೆ ಎಂದರೆ ಸುಮಾರು 1.6 ಹೆಕ್ಟೇರ್. ಭೂಮಿ ನಿಮ್ಮದೇ ಆಗಿದ್ದರೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. ಟಿಪ್ಪರುಗಳು ಹೊರಟುಹೋದ ಮೇಲೆ ಪಹಣಿಯಲ್ಲಿ ಉಳಿಯುವುದು ನಿಮ್ಮ ಹೆಸರೇ ಹೊರತು ಗುತ್ತಿಗೆದಾರರದ್ದಲ್ಲ.

ಗುಂಡಿ ನೆರೆಯನ್ನು ಹೀರಿಕೊಳ್ಳುತ್ತದೆ ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡಿ. ನಾಲ್ಕು ಎಕರೆಯನ್ನು 20 ಅಡಿ ತೋಡಿದರೆ ಸಿಗುವ ಜಾಗ ಹೆಚ್ಚೆಂದರೆ 35 ಲಕ್ಷ ಘನ ಅಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಹೊಳೆಯಲ್ಲಿ ಒಂದು ಲಕ್ಷ ಕ್ಯೂಸೆಕ್ ಹರಿಯುತ್ತಿರುವಾಗ (ಈ ಅಂಕಿ ನಿಮ್ಮ ಭಾಗದವರಿಗೆ ಹೊಸದಲ್ಲ) ನಿಮ್ಮ ಇಡೀ ಗುಂಡಿಯಲ್ಲಿ ಹಿಡಿಯುವ ನೀರು ಹೊಳೆಯ 35 ಸೆಕೆಂಡುಗಳ ಹರಿವಿಗೆ ಮಾತ್ರ ಸಮ. ಅದೂ ಗುಂಡಿ ಖಾಲಿಯಿದ್ದರೆ. ಅಂತರ್ಜಲಕ್ಕಿಂತ ಕೆಳಗೆ ತೋಡಿದ ಗುಂಡಿಯು ಪ್ರವಾಹ ಬರುವ ಮೊದಲೇ ಬಹುಪಾಲು ತುಂಬಿರುತ್ತದೆ.

ನಿಜವಾದ ಅಪಾಯವಿರುವುದು ಗುಂಡಿಗೂ ಹೊಳೆಗೂ ನಡುವೆ ಬಿಟ್ಟ ನೆಲದ ಪಟ್ಟಿಯಲ್ಲಿ. ಏರಿದ ನೀರು ದಂಡೆಯನ್ನು ದಾಟಿ ಆಳವಾದ ಗುಂಡಿಗೆ ಧುಮುಕುವಾಗ ಅದು ಬೀಳುವ ಅಂಚು ಕುಸಿಯುತ್ತದೆ, ಕುಸಿತವು ಹಿಂದೆ ಹಿಂದೆ ಸರಿದು ಹೊಳೆಯ ಕಡೆಗೇ ಸಾಗುತ್ತದೆ, ಪಟ್ಟಿ ಕಿರಿದಾಗಿದ್ದರೆ ಒಂದೇ ನೆರೆಯಲ್ಲಿ ಅದು ಕಡಿದು ಹೊಳೆಯು ಗುಂಡಿಯ ಮೂಲಕವೇ ಹರಿಯತೊಡಗಬಹುದು. ಹಾಗಾದಾಗ ಮೇಲಿನಿಂದ ಉರುಳಿಬಂದ ಉಸುಕೆಲ್ಲ ಗುಂಡಿಯಲ್ಲೇ ಉಳಿದು, ಅಲ್ಲಿಂದ ಬರಿಗೈಯಲ್ಲಿ ಹೊರಟ ನೀರು ಕೆಳಗಿನ ಜಮೀನುಗಳ ದಂಡೆಯನ್ನು ಕೊರೆಯುತ್ತದೆ. ಎಂದರೆ ನಿಮ್ಮ ಗುಂಡಿಯ ನಷ್ಟವನ್ನು ಪಕ್ಕದ ಹೊಲದವರೂ ಕಟ್ಟಬೇಕಾಗುತ್ತದೆ.

ನೆರೆ ಇಳಿಯುವ ಹೊತ್ತಿನ ಬಗ್ಗೆ ಜನ ಯೋಚಿಸುವುದು ಕಡಿಮೆ. ಮೇಲಿರುವ ತುಂಗಭದ್ರಾ ಅಣೆಕಟ್ಟೆಯ ಗೇಟುಗಳನ್ನು ಇಳಿಸಿದಾಗ ಹೊಳೆಯ ಮಟ್ಟ ಬೇಗ ಕೆಳಗಿಳಿಯುತ್ತದೆ, ಆದರೆ ಗುಂಡಿಯ ನೀರು ಅಷ್ಟು ಬೇಗ ಇಳಿಯುವುದಿಲ್ಲ. ನೆನೆದು ಭಾರವಾದ ಪಟ್ಟಿಯೊಳಗಿಂದ ಆ ನೀರು ಹೊಳೆಯ ಕಡೆಗೆ ಜಿನುಗುತ್ತ ಮಣ್ಣನ್ನು ಸಡಿಲಿಸುವುದರಿಂದ, ಅಪಾಯ ಮುಗಿಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ ದಂಡೆ ಜಾರುವುದುಂಟು.

ಇನ್ನು ಗುತ್ತಿಗೆದಾರರು ಹೊಳೆಯೇ ಗುಂಡಿಯನ್ನು ಮತ್ತೆ ತುಂಬಿಸುತ್ತದೆ ಎಂದರೆ ನಂಬಬೇಡಿ. ಕಟ್ಟಿದಾಗ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಈಗ ಸುಮಾರು 105.78 ಟಿಎಂಸಿಗೆ ಇಳಿದಿದೆ. ಕೆಳಗೆ ಬರಬೇಕಾಗಿದ್ದ ಮಣ್ಣು, ಉಸುಕು ಅಲ್ಲೇ ಕುಳಿತಿವೆ. ಗರಸು ಅಷ್ಟು ದೂರ ಬರುವುದಂತೂ ಇಲ್ಲ.

ಕೆರೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಗುಂಡಿಯಲ್ಲಿ ನೀರು ನಿಲ್ಲುತ್ತದೆ, ನಿಜ. ಆದರೆ ಅದು ನೆಲದಡಿಯ ನೀರೇ ಬಯಲಿಗೆ ಬಂದದ್ದು. ಬಳ್ಳಾರಿಯ ಬಿಸಿಲಿಗೆ ಅದು ಆವಿಯಾಗುತ್ತ ಹೋಗುತ್ತದೆ. ಕೆಲಸ ನಡೆಯುವಾಗ ಮೋಟರ್ ಹಚ್ಚಿ ಗುಂಡಿಯನ್ನು ಬರಿದು ಮಾಡಿದರೆ ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ಮಟ್ಟವೂ ಅದರ ಜೊತೆ ಇಳಿಯುತ್ತದೆ. ಹೊರಹಾಕುವ ಕೆಸರು ನೀರನ್ನು ನೇರವಾಗಿ ಹೊಳೆಗೆ ಬಿಡದೆ, ಬೇರೊಂದು ತಗ್ಗಿನಲ್ಲಿ ನಿಲ್ಲಿಸಿ ತಿಳಿಯಾದ ಮೇಲೆ ಬಿಡಬೇಕು.

ಆದ್ದರಿಂದ ನಮ್ಮ ಸಲಹೆ ಆಳದಿಂದ ಆರಂಭವಾಗುತ್ತದೆ. ಕೇಂದ್ರ ಪರಿಸರ ಸಚಿವಾಲಯದ 2016ರ ಮರಳು ಗಣಿಗಾರಿಕೆ ಮಾರ್ಗಸೂಚಿಗಳು 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಮೊದಲು ಸಿಗುತ್ತದೆಯೋ ಅಲ್ಲಿಗೆ ಅಗೆತವನ್ನು ನಿಲ್ಲಿಸಲು ಹೇಳುತ್ತವೆ. 20 ಅಡಿ ಎಂದರೆ ಅದರ ಎರಡು ಪಟ್ಟು. ನೀರಿನ ಮಟ್ಟವನ್ನು ಮೇ ತಿಂಗಳಲ್ಲಿ ಅಳೆಯಲು ಬಿಡಬೇಡಿ. ಕಾಲುವೆ ನೀರಿನಲ್ಲಿ ಭತ್ತ ನಿಂತಿರುವ ನಿಮ್ಮ ಸೀಮೆಯಲ್ಲಿ ನವೆಂಬರಿನಲ್ಲಿ ಅದು ಇನ್ನೂ ಮೇಲಿರುತ್ತದೆ. ಕರಾರಿನಲ್ಲಿ ಆ ನವೆಂಬರಿನ ಮಟ್ಟವನ್ನೇ ಬರೆಸಿ. ದಂಡೆಯ ಗಿಡಮರಗಳಿರುವ ಪಟ್ಟಿಯನ್ನು ಹಿಟಾಚಿ ಮುಟ್ಟಕೂಡದು, ಅದರ ಅಗಲವನ್ನು ಗುಂಡಿಯ ಆಳ ಮತ್ತು ಅಲ್ಲಿನ ಮಣ್ಣು ನೋಡಿ ತಜ್ಞರೇ ನಿಗದಿ ಮಾಡಲಿ. ಗುಂಡಿಯ ಗೋಡೆಗಳು ನೆಟ್ಟಗೆ ನಿಲ್ಲದೆ ಇಳಿಜಾರಾಗಿರಬೇಕು. ಹೊಳೆ ಹರಿದುಹೋಗುವ ದಿಕ್ಕಿನ ಕೆಳತುದಿಯಲ್ಲಿ ಕಲ್ಲು ಹಾಸಿದ ತಗ್ಗು ಬಾಯಿಯೊಂದನ್ನು ಇಟ್ಟರೆ, ನೆರೆಯ ನೀರು ಮೇಲಿನಿಂದ ಧುಮುಕುವ ಬದಲು ಕೆಳಗಿನಿಂದ ನಿಧಾನವಾಗಿ ಏರಿ ಗುಂಡಿಯನ್ನು ತುಂಬುತ್ತದೆ, ಇಳಿಯುವಾಗಲೂ ಅದೇ ದಾರಿಯಲ್ಲಿ ಹೊರಬೀಳುತ್ತದೆ.

ತೆಗೆದ ಗರಸಿನ ರಾಶಿಗಳನ್ನು ಹೊಳೆಗೆ ಅಡ್ಡಲಾಗಿ ಒಟ್ಟಿದರೆ ಅವೇ ಒಡ್ಡಾಗಿ ನೀರನ್ನು ಊರ ಕಡೆಗೆ ತಿರುಗಿಸುತ್ತವೆ. ಮೇ ಮುಗಿಯುವುದರೊಳಗೆ ರಾಶಿಗಳು, ಡೀಸೆಲ್ ಪೀಪಾಯಿಗಳು, ಯಂತ್ರಗಳು ಎಲ್ಲವೂ 2009ರ ನೆರೆಯ ಗುರುತಿಗಿಂತ ಮೇಲಕ್ಕೆ ಹೋಗಿರಬೇಕು. ಮಳೆ ನೋಡಿಕೊಂಡು ತೆಗೆಯುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ. ನಿಮ್ಮಲ್ಲಿ ಬಿಸಿಲಿರುವಾಗಲೇ ಮಲೆನಾಡಿನ ಮಳೆಯ ನೀರು ಬಂದಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ ಹೊಳೆಗೆ ನುಗ್ಗಿದ ನೀರಿಗೂ ನಿಮ್ಮ ಊರಿನ ಮೋಡಕ್ಕೂ ಸಂಬಂಧವಿರಲಿಲ್ಲ.

ಇಷ್ಟು ಷರತ್ತುಗಳಿಗೆ ಗುತ್ತಿಗೆದಾರರು ಒಪ್ಪಿದರೆ, ಗುಂಡಿಯನ್ನು ಸರಿಪಡಿಸುವ ಖರ್ಚನ್ನು ಮುಂಗಡವಾಗಿ ಠೇವಣಿ ಇಡಲಿ. ಆಳದ ಷರತ್ತಿಗೇ ಒಪ್ಪದಿದ್ದರೆ ಉಳಿದದ್ದನ್ನು ಮಾತನಾಡುವ ಅಗತ್ಯವಿಲ್ಲ, ಸಹಿ ಹಾಕಬೇಡಿ.

– ಸಂಪಾದಕ