ಮಗನಿಗೆ ಒಂಬತ್ತನೇ ಕ್ಲಾಸಿಗೆ ಸೈನಿಕ ಶಾಲೆಯೋ, ನವೋದಯವೋ?

ಎಂಟರಲ್ಲಿರುವ ಮಗನಿಗೆ ಎರಡೂ ಪರೀಕ್ಷೆ ಬರೆಸುತ್ತಿದ್ದೀರಿ, ಎರಡೂ ಕಡೆ ಹೆಸರು ಬಂದರೆ ಯಾವುದಕ್ಕೆ ಕಳಿಸಲಿ ಅಂತ ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದನ್ನೇ ಕಂಡಕಂಡವರಿಗೆಲ್ಲ ಕೇಳುತ್ತಾ ತಿರುಗಿದವನು.

ರಾಣೆಬೆನ್ನೂರು ಕಡೆ ನನ್ನದೊಂದು ಬೀಜ ಗೊಬ್ಬರದ ಅಂಗಡಿ ಇದೆ. ಅಂಗಡಿಯ ಉದ್ರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಗೆರೆ ಹೊಡೆದು ಶಾಲೆಗಳ ಲೆಕ್ಕ ಬರೆದಿದ್ದೆ. ಫೀಸು ಎಷ್ಟು, ಹತ್ತನೇ ಕ್ಲಾಸಿನ ರಿಸಲ್ಟ್ ಹೇಗಿದೆ, ಸೇನೆಯ ಆಫೀಸರ್‌ಗಳನ್ನು ತಯಾರು ಮಾಡುವ ಎನ್‌ಡಿಎಗೆ ಎಷ್ಟು ಹುಡುಗರು ಹೋದರು, ಬಸ್ಸಿನಲ್ಲಿ ಎಷ್ಟು ಹೊತ್ತು ಬೇಕು, ಎಲ್ಲವೂ ಅದರಲ್ಲಿತ್ತು. ಮಗನನ್ನು ಕೂರಿಸಿಕೊಂಡು 'ನಿನಗೇನು ಅನಿಸುತ್ತೆ' ಅಂತ ಕೇಳಿದ್ದು ಮಾತ್ರ ನೆನಪಿಲ್ಲ. ಕೇಳಿದ್ದರೂ 'ನೀವು ಹೇಳ್ದಂಗ' ಅಂತಿದ್ದ. ಅಂಥ ಹುಡುಗ ಅವನು.

ಕೊನೆಗೆ ಪರೀಕ್ಷೆ ಬರೆಸಿ ಆರಿಸುವ ಒಂದು ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ಹೆಸರು ಬೇಡ. ಶಾಲೆಯ ಮೇಲೆ ನನ್ನ ದೂರೂ ಇಲ್ಲ. ಊಟ ಚೆನ್ನಾಗಿತ್ತು, ಮೇಷ್ಟ್ರು ಚೆನ್ನಾಗಿದ್ದರು, ಮೈದಾನ ನೋಡಿದರೆ ನಾನೇ ಸೇರಿಕೊಳ್ಳಬೇಕು ಅನ್ನಿಸುತ್ತಿತ್ತು.

ನಾನು ಕೆಟ್ಟದ್ದು ಒಂದು ಫ್ಲೆಕ್ಸ್‌ನಿಂದ.

ಹೆಂಡತಿಯ ತಮ್ಮನಿಗೆ ಇಂಥದ್ದರಲ್ಲಿ ಭಾರಿ ಉಮೇದು. ರಿಸಲ್ಟ್ ಬಂದ ವಾರದಲ್ಲೇ ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿಸಿದ. ನಡುವೆ ಮಗನ ಫೋಟೊ, ಪಕ್ಕದಲ್ಲಿ ನನ್ನದು, ಕೆಳಗೆ ಸಾಲಾಗಿ ಶುಭ ಕೋರುವವರು. ಅದರಲ್ಲಿ ಅರ್ಧದಷ್ಟು ಮಂದಿಗೆ ನನ್ನ ಮಗನ ಹೆಸರೂ ಗೊತ್ತಿರಲಿಕ್ಕಿಲ್ಲ. ನಾನು ಬೇಡ ಅನ್ನಲಿಲ್ಲ. ಸುಳ್ಳು ಯಾಕೆ, ಅಂಗಡಿಗೆ ಹೋಗುವಾಗ ಬೈಕ್ ನಿಧಾನ ಮಾಡಿ ನೋಡುತ್ತಿದ್ದೆ. ಆಮೇಲೆ ಸಮಾಜದ ಸಭೆಯಲ್ಲಿ ಶಾಲು, ಹಾರ, 'ಮುಂದೆ ದೊಡ್ಡ ಆಫೀಸರ್ ಆಗುವ ನಮ್ಮೂರ ಹುಡುಗ' ಅಂತ ಭಾಷಣ. ಹುಡುಗ ತಲೆ ತಗ್ಗಿಸಿ ಕೂತಿದ್ದ. ನಾಚಿಕೆ ಅಂದುಕೊಂಡೆ.

ಇದರಲ್ಲೇನು ತಪ್ಪು, ಎಲ್ಲರೂ ಮಾಡುತ್ತಾರಲ್ಲ ಅಂತ ನೀವು ಕೇಳಬಹುದು. ಆ ಫ್ಲೆಕ್ಸ್ ಬರುವವರೆಗೆ ಇದು ನಮ್ಮ ಮನೆಯೊಳಗಿನ ಮಾತಾಗಿತ್ತು. ಹೋಗಿ ನೋಡಲಿ, ಹೊಂದಲಿಲ್ಲ ಅಂದರೆ ವಾಪಸ್ ಬರಲಿ ಅನ್ನಬಹುದಿತ್ತು. ಫ್ಲೆಕ್ಸ್ ಬಂದಮೇಲೆ ಅದು ಊರಿನ ಮಾತಾಯಿತು. ಯೂರಿಯಾ ಒಯ್ಯಲು ಬಂದವನೂ 'ಮಗಾ ಹೆಂಗದಾನ್ರೀ, ಮಿಲಿಟ್ರಿ ಟ್ರೇನಿಂಗ್ ಸುರು ಆತೇನು?' ಅಂತ ಕೇಳುವನು. ಮಿಲಿಟರಿಗೂ ಅದಕ್ಕೂ ಇನ್ನೂ ಎಷ್ಟು ದೂರ ಅಂತ ಹೇಳುವ ಬದಲು ನಾನೂ 'ಹೌದ್ರೀ' ಅನ್ನುತ್ತಿದ್ದೆ. ಹೀಗೆ ದಿನಾ ಸ್ವಲ್ಪ ಸ್ವಲ್ಪ ಅವನು ವಾಪಸ್ ಬರುವ ದಾರಿಯನ್ನು ನಾನೇ ಮುಚ್ಚುತ್ತಾ ಬಂದೆ.

ಅಲ್ಲಿ ಅವನಿಗಾದ ಕಷ್ಟವಾದರೂ ಏನು? ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಉಳಿದ ಹುಡುಗರು ಆರನೇ ಕ್ಲಾಸಿನಿಂದ ಒಟ್ಟಿಗೆ ಇದ್ದವರು. ಮಂಚ, ತಂಡ, ಗೆಳೆತನ ಎಲ್ಲ ಆಗಲೇ ಹಂಚಿಹೋಗಿತ್ತು. ಇವನು ಕನ್ನಡ ಮೀಡಿಯಂ. ಊರಿನ ಶಾಲೆಯಲ್ಲಿ ಗಣಿತಕ್ಕೆ ಇವನೇ ಮೊದಲು. ಅಲ್ಲಿ ಇಂಗ್ಲಿಷ್‌ನಲ್ಲಿರುವ ಲೆಕ್ಕ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಪಕ್ಕದವನು ಉತ್ತರ ಬರೆದು ಮುಗಿಸಿರುತ್ತಿದ್ದ. ಮೊದಲ ಟೆಸ್ಟಿನಲ್ಲಿ ಗಣಿತದಲ್ಲೇ ಫೇಲ್. ಅದನ್ನು ನಮಗೆ ಹೇಳಲಿಲ್ಲ. ಭಾನುವಾರದ ಫೋನಿನಲ್ಲಿ 'ಹೂಂ', 'ಆತು', 'ಆರಾಮ್' ಬಿಟ್ಟರೆ ಬೇರೆ ಮಾತಿಲ್ಲ.

ದಸರಾ ರಜೆಗೆ ಬಂದ. ಇಳಿದುಹೋಗಿದ್ದ. ಸಂಜೆ ಗೆಳೆಯರು ಕ್ರಿಕೆಟ್‌ಗೆ ಕರೆದರೂ ಹೊರಗೆ ಕಾಲಿಡಲಿಲ್ಲ. ಹೋಗಬೇಕೆಂದರೆ ಆ ಸರ್ಕಲ್ ದಾಟಬೇಕಲ್ಲ. ಹೊರಡುವ ಹಿಂದಿನ ರಾತ್ರಿ ಅವರಮ್ಮನ ಹತ್ತಿರ ಅತ್ತನಂತೆ, 'ನಾ ಇಲ್ಲೇ ಹೈಸ್ಕೂಲಿಗೆ ಹೋಗ್ತೀನವ್ವಾ' ಅಂತ. ಅವಳು ಬಂದು ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, 'ಫ್ಲೆಕ್ಸ್ ಇನ್ನೂ ಇಳಿಸಿಲ್ಲ, ಮಂದಿಗೆ ಏನಂತ ಹೇಳಲಿ?' ಪಕ್ಕದ ಕೋಣೆಯಲ್ಲಿ ಅವನು ಎಚ್ಚರ ಇದ್ದ. ಬೆಳಿಗ್ಗೆ ತಾನೇ ಬ್ಯಾಗ್ ತುಂಬಿಕೊಂಡು ಬಸ್ ಹತ್ತಿದ.

ಎರಡು ವರ್ಷ ಅಲ್ಲೇ ಮುಗಿಸಿದ, ಸಾಧಾರಣ ಮಾರ್ಕ್ಸ್ ತೆಗೆದುಕೊಂಡು ಬಂದ. ಪಿಯುಸಿ ಊರಲ್ಲೇ ಓದಿದ, ಈಗ ಧಾರವಾಡದಲ್ಲಿ ಬಿಎಸ್‌ಸಿ ಅಗ್ರಿ ಮಾಡುತ್ತಿದ್ದಾನೆ. ಚೆನ್ನಾಗಿಯೇ ಇದ್ದಾನೆ. ಆದರೆ ಕೆಟ್ಟ ಸುದ್ದಿ ಏನಿದ್ದರೂ ಇವತ್ತಿಗೂ ನನಗೆ ಹೇಳುವುದಿಲ್ಲ. ಅವರಮ್ಮನಿಗೆ ಫೋನ್ ಮಾಡುತ್ತಾನೆ, ಅವಳು ಸಮಯ ನೋಡಿ ನನಗೆ ತಿಳಿಸುತ್ತಾಳೆ.

ಈಗ ನಿಮ್ಮ ವಿಷಯ. ನೀವು ಎರಡರಲ್ಲಿ ಯಾವುದು ಅಂತ ಕೇಳಿದ್ದೀರಿ. ನಿಮ್ಮ ಮಗ ಈಗ ಓದುತ್ತಿರುವ ಶಾಲೆ ಆ ಪಟ್ಟಿಯಲ್ಲೇ ಇಲ್ಲ. ಮೊದಲು ಅದನ್ನು ಸೇರಿಸಿ. ಒಳ್ಳೆ ಹೈಸ್ಕೂಲು, ಮನೆ ಊಟ, ಒಬ್ಬ ಒಳ್ಳೆ ಗಣಿತದ ಮೇಷ್ಟ್ರು ಇದ್ದರೆ ಎಷ್ಟೋ ಹುಡುಗರಿಗೆ ಅಷ್ಟೇ ಸಾಕು. ಪರೀಕ್ಷೆ ಪಾಸಾಯಿತು ಅಂದಮಾತ್ರಕ್ಕೆ ಹೋಗಲೇಬೇಕು ಅಂತಿಲ್ಲ.

ಇನ್ನೊಂದು ಮಾತು. ಆರಕ್ಕೆ ಸೇರುವುದೇ ಬೇರೆ, ಒಂಬತ್ತಕ್ಕೆ ಸೇರುವುದೇ ಬೇರೆ. ಆರಕ್ಕೆ ಎಲ್ಲರೂ ಹೊಸಬರು, ಒಟ್ಟಿಗೆ ಅತ್ತು ಒಟ್ಟಿಗೆ ಸುಮ್ಮನಾಗುತ್ತಾರೆ. ಒಂಬತ್ತಕ್ಕೆ ಹೊಸಬರು ನಿಮ್ಮವನಂಥ ಕೆಲವರಷ್ಟೇ, ಅದೂ ಮೀಸೆ ಚಿಗುರುವ ವಯಸ್ಸಿನಲ್ಲಿ. ಜನ ಹೇಳುವ ಯಶಸ್ಸಿನ ಕಥೆಗಳೆಲ್ಲ ಜಾಸ್ತಿ ಆರಕ್ಕೆ ಸೇರಿದವರದ್ದು. ಅವನ್ನು ನಿಮ್ಮ ಮಗನಿಗೆ ಅನ್ವಯಿಸಬೇಡಿ.

ಸೈನಿಕ ಶಾಲೆ ಅಂದರೆ ನಮ್ಮಲ್ಲಿ ಹಳೆಯವು ಎರಡು, 1963ರ ವಿಜಯಪುರದ್ದು, 2007ರ ಕೊಡಗಿನ ಕೂಡಿಗೆಯದ್ದು. ಒಂಬತ್ತರ ಪರೀಕ್ಷೆಗೆ ಮಾರ್ಚ್ 31ಕ್ಕೆ 13ರಿಂದ 15ರೊಳಗಿನ ವಯಸ್ಸು. ಒಟ್ಟು 400 ಅಂಕ, ಅದರಲ್ಲಿ 200 ಗಣಿತದ್ದೇ. ಪೇಪರ್ ಇಂಗ್ಲಿಷ್‌ನಲ್ಲಿ ಮಾತ್ರ. ಆರನೇ ಕ್ಲಾಸಿನದಾದರೆ ಕನ್ನಡದಲ್ಲೂ ಬರೆಯಬಹುದು, ಒಂಬತ್ತರದ್ದಕ್ಕೆ ಆ ಅವಕಾಶ ಇಲ್ಲ. ಆಮೇಲೆ ಮೆಡಿಕಲ್ ಟೆಸ್ಟ್ ಬೇರೆ. ಫೀಸು ವರ್ಷಕ್ಕೆ ಲಕ್ಷ ದಾಟುತ್ತದೆ, ಆದಾಯ ಕಡಿಮೆ ಇದ್ದವರಿಗೆ ಸ್ಕಾಲರ್‌ಶಿಪ್ ಇದೆ. ಆ ಶಾಲೆಗಳನ್ನು ಕಟ್ಟಿದ್ದೇ ಹುಡುಗರನ್ನು ಎನ್‌ಡಿಎಗೆ ತಯಾರು ಮಾಡಲಿಕ್ಕೆ. ನಿಮ್ಮ ಹುಡುಗನಿಗೆ ಸೇನೆಯ ಆಸೆ ಇದ್ದರೆ, ಅವನಿಗೇ ಇದ್ದರೆ, ಅದಕ್ಕೆ ಸಮನಾದದ್ದು ಕಡಿಮೆ. ಆಸೆ ನಿಮ್ಮದಾಗಿದ್ದರೆ ಬೇಡ.

ನವೋದಯ ಕೇಂದ್ರ ಸರ್ಕಾರದ ವಸತಿ ಶಾಲೆ. ಅದರ ಒಂಬತ್ತರ ಪರೀಕ್ಷೆ 100 ಅಂಕದ್ದು: ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಆ ಹಿಂದಿಯನ್ನು ನಮ್ಮ ಕಡೆಯವರು ಕೊನೆಯ ತಿಂಗಳವರೆಗೂ ಮುಟ್ಟುವುದಿಲ್ಲ. ಸೀಟೂ ಖಾಲಿ ಬಿದ್ದಷ್ಟೇ. ಶಾಲೆ ಇರುವ ಜಿಲ್ಲೆಯಲ್ಲೇ ವಾಸವಿದ್ದು, ಅಲ್ಲೇ ಎಂಟನೇ ಕ್ಲಾಸು ಓದುತ್ತಿರಬೇಕು. ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಉಚಿತ. ಒಂಬತ್ತರಿಂದ ಮಾತ್ರ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ, ಸರ್ಕಾರಿ ನೌಕರರ ಮಕ್ಕಳಿಗೆ 1,500ರವರೆಗೆ. ಎಸ್‌ಸಿ, ಎಸ್‌ಟಿ, ಬಿಪಿಎಲ್ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ.

ನವೋದಯದ್ದು ಇನ್ನೊಂದು ವಿಶೇಷ ಇದೆ. ಒಂಬತ್ತನೇ ಕ್ಲಾಸಿನಲ್ಲಿ ಸುಮಾರು ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯಕ್ಕೆ ಕಳಿಸಿ, ಅಲ್ಲಿಯವರನ್ನು ಇಲ್ಲಿಗೆ ಕರೆಸುತ್ತಾರೆ. ಹಿಂದಿ ರಾಜ್ಯದ ಮಕ್ಕಳು ಬಂದು ಜೋಳದ ರೊಟ್ಟಿ ನೋಡಿ ಕಣ್ಣುಬಾಯಿ ಬಿಡುವ ವರ್ಷ ಅದು. ತಂದೆತಾಯಿ ಇದಕ್ಕೆ ಹೆದರುತ್ತಾರೆ. ನನ್ನ ಪ್ರಕಾರ ಒಂಬತ್ತಕ್ಕೆ ಹೊಸದಾಗಿ ಸೇರುವವನಿಗೆ ಇದು ಒಳ್ಳೆಯದೇ. ಆ ವರ್ಷ ತರಗತಿಯಲ್ಲಿ ತಬ್ಬಿಬ್ಬಾದವನು ಅವನೊಬ್ಬನೇ ಆಗಿರುವುದಿಲ್ಲ. ನನ್ನ ಮಗನಿಗೆ ಅಂಥ ಜೊತೆ ಸಿಕ್ಕಿದ್ದರೆ ಅರ್ಧ ಕಷ್ಟ ಕಡಿಮೆಯಾಗುತ್ತಿತ್ತು ಅಂತ ಈಗ ಅನಿಸುತ್ತದೆ. ಹಾಗಾಗಿ, ಸೇನೆಯ ಹುಚ್ಚಿಲ್ಲದ ಹುಡುಗನನ್ನು ಒಂಬತ್ತಕ್ಕೆ ಕಳಿಸಲೇಬೇಕು ಅಂದರೆ ನಾನು ನವೋದಯ ಅನ್ನುತ್ತೇನೆ.

ಯಾವುದಕ್ಕೇ ಕಳಿಸಿ, ಟಿಸಿ ತೆಗೆದುಕೊಳ್ಳುವ ಮೊದಲು ಈಗಿನ ಶಾಲೆಯ ಹೆಡ್‌ಮಾಸ್ತರರನ್ನು ಕಂಡು ಒಂದು ಮಾತು ಕೇಳಿ: ಹೊಂದಲಿಲ್ಲ ಅಂದರೆ ಇದೇ ವರ್ಷ ವಾಪಸ್ ಸೇರಿಸಿಕೊಳ್ಳುತ್ತೀರಾ, ಯಾವಾಗಿನವರೆಗೆ? ಯಾಕೆಂದರೆ ಈ ಎರಡೂ ಸಿಬಿಎಸ್‌ಇ ಶಾಲೆಗಳು. ಒಂಬತ್ತರಲ್ಲೇ ಬೋರ್ಡಿಗೆ ಹೆಸರು ನೋಂದಾಯಿಸುತ್ತಾರೆ. ಹತ್ತಕ್ಕೆ ಬಂದಮೇಲೆ ಬೋರ್ಡ್ ಬದಲಿಸುವುದು ದೊಡ್ಡ ತಲೆನೋವು. ಬರುವುದಿದ್ದರೆ ಒಂಬತ್ತರ ಮೊದಲ ತಿಂಗಳುಗಳಲ್ಲೇ ಬರಬೇಕು. ಹೆಡ್‌ಮಾಸ್ತರರು ಹೇಳಿದ ದಿನಾಂಕವನ್ನು ಮಗನಿಗೂ ಹೇಳಿ. 'ಅಲ್ಲಿಯವರೆಗೆ ನೋಡು, ಆಗಲ್ಲ ಅಂದರೆ ಕರೆದುಕೊಂಡು ಬರ್ತೀನಿ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ' ಅಂತ ಬಾಯಿಬಿಟ್ಟು ಹೇಳಿ. ಅವನಿಗೆ ಗೊತ್ತಿರುತ್ತೆ ಬಿಡಿ ಅಂದುಕೊಳ್ಳಬೇಡಿ. ಗೊತ್ತಿರುವುದಿಲ್ಲ.

ಕನ್ನಡ ಮೀಡಿಯಂ ಆಗಿದ್ದರೆ ಈಗಲೇ ಎಂಟನೇ ಕ್ಲಾಸಿನ, ಸಿಬಿಎಸ್‌ಇ ಶಾಲೆಗಳಲ್ಲಿ ಓದಿಸುವ ಎನ್‌ಸಿಇಆರ್‌ಟಿ ಗಣಿತ ಮತ್ತು ವಿಜ್ಞಾನದ ಪುಸ್ತಕ ಇಂಗ್ಲಿಷ್‌ನಲ್ಲಿ ತಂದುಕೊಡಿ. ಕೋಚಿಂಗ್‌ಗೆ ಸುರಿಯುವ ದುಡ್ಡಿಗಿಂತ ಇದು ಅಗ್ಗ. ಸೀಟು ಸಿಗದಿದ್ದರೂ ಪಿಯುಸಿಗೆ ಉಪಯೋಗಕ್ಕೆ ಬರುತ್ತೆ.

ಮಗನ ಹಿಂದಿ ಹೇಗಿದೆ, ಮೀಡಿಯಂ ಯಾವುದು ಅಂತ ನೀವು ಬರೆದಿಲ್ಲ. ತಿಳಿಸಿದರೆ ಯಾವ ಪರೀಕ್ಷೆಗೆ ಜಾಸ್ತಿ ಹೊತ್ತು ಕೊಡಬೇಕು ಅಂತ ಹೇಳುತ್ತೇನೆ. ಅವನನ್ನೇ ಕೇಳಿ ಬರೆಯಿರಿ.