ಉಗ್ರರ ಸುದ್ದಿ ಹಾಕಲೇಬಾರದೆ?

ಪ್ರಿಯ ಓದುಗರೇ,

‘ಉಗ್ರರಿಗೆ ಬೇಕಿರುವುದೇ ಪ್ರಚಾರ. ಅದನ್ನು ಪುಕ್ಕಟೆಯಾಗಿ ಕೊಡುವವರು ನೀವು, ಮಾಧ್ಯಮದವರು. ಅವರ ಸುದ್ದಿಯನ್ನೇ ಹಾಕದಿದ್ದರೆ ಏನು ಗಂಟು ಹೋಗುತ್ತದೆ?’ ಎಂದು ಕೇಳಿದ್ದೀರಿ. ದಾಳಿ ಮಾಡಿದವನ ಫೋಟೊವನ್ನು ಯಾಕೆ ಅಷ್ಟು ದೊಡ್ಡದಾಗಿ ಹಾಕುತ್ತೀರಿ ಎಂದೂ ಬರೆದಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಸುದ್ದಿಯನ್ನೇ ನಿಲ್ಲಿಸಿ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ.

ಉಗ್ರರಿಗೆ ನೋಡುವ ಕಣ್ಣುಗಳು ಬೇಕು, ನಿಜ. 1972ರಲ್ಲಿ ಮ್ಯೂನಿಕ್‌ನಲ್ಲಿ ಇಸ್ರೇಲಿನ ಕ್ರೀಡಾಪಟುಗಳನ್ನು ಒತ್ತೆ ಇಟ್ಟುಕೊಂಡವರು ಒಲಿಂಪಿಕ್ಸ್ ಅನ್ನೇ ಆರಿಸಿಕೊಂಡಿದ್ದರು. ಜಗತ್ತಿನ ಕ್ಯಾಮೆರಾಗಳೆಲ್ಲ ಅಲ್ಲೇ ಇದ್ದವು. ಪೊಲೀಸರು ಕ್ರೀಡಾಪಟುಗಳ ಉಡುಪಿನಲ್ಲಿ ಕಟ್ಟಡ ಹತ್ತಿ ಒಳನುಗ್ಗಲು ಸಜ್ಜಾದರು. ಅದೂ ಟಿವಿಯಲ್ಲಿ ನೇರವಾಗಿ ಬರುತ್ತಿತ್ತು. ಒಳಗಿದ್ದವರ ಕೋಣೆಯಲ್ಲೂ ಟಿವಿ ಇತ್ತು. ಆ ಯೋಜನೆಯನ್ನೇ ಕೈಬಿಡಬೇಕಾಯಿತು.

36 ವರ್ಷ ಕಳೆದರೂ ಸುದ್ದಿಮನೆಗಳು ಪಾಠ ಕಲಿತಿರಲಿಲ್ಲ. 2008ರ ನವೆಂಬರ್ 26ರಂದು ಮುಂಬೈ ಮೇಲೆ ದಾಳಿ ಆಯಿತಲ್ಲ, ಆಗ ಪಾಕಿಸ್ತಾನದಲ್ಲಿ ಕೂತವರು ನಮ್ಮ ಚಾನೆಲ್‌ಗಳನ್ನು ನೋಡುತ್ತಲೇ ಉಗ್ರರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದರು. ಕಮಾಂಡೊಗಳು ಹೆಲಿಕಾಪ್ಟರ್‌ನಿಂದ ಉಗ್ರರು ಹಿಡಿದಿದ್ದ ನಾರಿಮನ್ ಹೌಸ್ ಮೇಲೆ ಇಳಿದದ್ದೂ ಲೈವ್ ಆಗಿ ಹೋಯಿತು. ಕಸಬ್ ಪ್ರಕರಣದ 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಸಾರವನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ಕೇಬಲ್ ಟಿವಿ ನಿಯಮವೂ ಬದಲಾಯಿತು. ಉಗ್ರರ ವಿರುದ್ಧದ ಕಾರ್ಯಾಚರಣೆಯನ್ನು ಈಗ ನೇರವಾಗಿ ತೋರಿಸುವಂತಿಲ್ಲ. ನೇಮಿಸಿದ ಅಧಿಕಾರಿ ಆಗಾಗ ಕೊಡುವ ವಿವರವಷ್ಟೇ. ನಿಯಮ ಸರಿಯಾಗಿಯೇ ಇದೆ, ಬರಲು ಮಾತ್ರ ತುಂಬಾ ತಡವಾಯಿತು.

ಅದೇ 2015ರ ಜನವರಿಯಲ್ಲಿ ಪ್ಯಾರಿಸ್‌ನ ಒಂದು ಸೂಪರ್‌ಮಾರ್ಕೆಟ್‌ಗೆ ಬಂದೂಕುಧಾರಿ ನುಗ್ಗಿದ. ಕೆಲವರು ಪುಟ್ಟ ಮಕ್ಕಳ ಜೊತೆ ಕೆಳಗಿನ ಕೋಲ್ಡ್ ಸ್ಟೋರೇಜ್ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದರು. ಅವನಿನ್ನೂ ಮೇಲೆಯೇ ಇದ್ದಾಗ, ಕೆಳಗೆ ಒಬ್ಬರು ಅಡಗಿದ್ದಾರೆ ಎಂದು ಟಿವಿ ಚಾನೆಲ್‌ನವರು ಹೇಳಿಬಿಟ್ಟರು! ಪುಣ್ಯಕ್ಕೆ ಅಡಗಿದ್ದವರು ಬದುಕಿ ಬಂದರು, ಆಮೇಲೆ ದೂರನ್ನೂ ಕೊಟ್ಟರು. ಅಷ್ಟು ಅವಸರ ಯಾಕಿತ್ತು? ಅದೇ ವಿಷಯವನ್ನು ಎಲ್ಲ ಮುಗಿದ ಮೇಲೆ ಹೇಳಿದ್ದರೆ ಯಾರಿಗೂ ಏನೂ ನಷ್ಟವಿರಲಿಲ್ಲ, ಅಲ್ವಾ? ನನಗೆ ದೊಡ್ಡ ತಪ್ಪಾಗಿ ಕಾಣುವುದು ಈ ಅವಸರವೇ.

ಇನ್ನು ನೀವು ಕೇಳುವ ಮೌನದ ಮಾತು. 2004ರ ಮಾರ್ಚ್ 11ರಂದು ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್‌ಗಳು ಸಿಡಿದವು. ಮೂರೇ ದಿನದಲ್ಲಿ ಚುನಾವಣೆ ಇತ್ತು. ಇದು ಬಾಸ್ಕ್ ಪ್ರಾಂತ್ಯಕ್ಕೆ ಪ್ರತ್ಯೇಕ ದೇಶ ಕೇಳುತ್ತಿದ್ದ ಇಟಿಎ ಸಂಘಟನೆಯ ಕೆಲಸ ಎಂದು ಸರ್ಕಾರ ಪಟ್ಟು ಹಿಡಿಯಿತು. ಕೆಲವು ಪತ್ರಕರ್ತರು ಅದನ್ನು ಹಾಗೇ ನಂಬದೆ ಕೆದಕಿದರು. ದಾಳಿ ಮಾಡಿದ್ದು ಇಸ್ಲಾಮಿ ಉಗ್ರರ ಗುಂಪು. ಸರ್ಕಾರ ಹೇಳಿದ್ದೇ ಸಾಕು ಎಂದು ಎಲ್ಲರೂ ಸುಮ್ನಿದ್ದಿದ್ದರೆ ಜನ ಸುಳ್ಳನ್ನೇ ನಂಬಿ ಮತ ಹಾಕಬೇಕಿತ್ತು.

ದಾಳಿ ತಡೆಯಬೇಕಾದವರು ಎಲ್ಲಿ ಎಡವಿದರು? ಗಾಯಗೊಂಡವರಿಗೆ ಪರಿಹಾರ ಸಿಕ್ಕಿತೇ? ಪೊಲೀಸರು ಹಿಡಿದದ್ದು ನಿಜವಾದ ಅಪರಾಧಿಯನ್ನೇ? ಇದನ್ನೆಲ್ಲ ಯಾರಾದರೂ ತಿಂಗಳುಗಟ್ಟಲೆ ಬೆನ್ನು ಹತ್ತಬೇಕು. ಕ್ಯಾಮೆರಾಗಳು ಊರು ಬಿಟ್ಟ ಮೇಲೆಯೇ ಆ ಕೆಲಸ ಶುರುವಾಗುವುದು. ನಮ್ಮಂಥ ಪತ್ರಿಕೆಗೆ ಅದೇ ಮುಖ್ಯ ಎಂದು ನಾನು ನಂಬಿದ್ದೇನೆ.

ಫೋಟೊ ವಿಷಯದಲ್ಲಿ ನಿಮ್ಮ ಮಾತನ್ನು ಹೆಚ್ಚೂಕಡಿಮೆ ಒಪ್ಪುತ್ತೇನೆ. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು ತನ್ನ ಕೃತ್ಯವನ್ನು ತಾನೇ ಫೇಸ್‌ಬುಕ್‌ನಲ್ಲಿ ಲೈವ್ ಮಾಡಿದ. ಅವನ ಹೆಸರನ್ನು ತಾನು ಹೇಳುವುದಿಲ್ಲ ಎಂದು ಅಲ್ಲಿನ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲೇ ಹೇಳಿದರು. ಫ್ರಾನ್ಸಿನ ‘ಲ ಮೊಂಡ್’ ಪತ್ರಿಕೆ 2016ರಲ್ಲೇ ದಾಳಿಕೋರರ ಫೋಟೊ ನಿಲ್ಲಿಸುವ ತೀರ್ಮಾನ ಮಾಡಿತ್ತು.

ಹೆಸರನ್ನು ಪೂರ್ತಿ ಮುಚ್ಚಿಡಲು ಮಾತ್ರ ನನಗೆ ಮನಸ್ಸಿಲ್ಲ. 2011ರಲ್ಲಿ ನಾರ್ವೆಯಲ್ಲಿ 77 ಜನ ಸತ್ತಾಗ ಮೊದಲ ಗಂಟೆಗಳಲ್ಲಿ ಎಷ್ಟೋ ಮಂದಿ ಬೆರಳು ತೋರಿಸಿದ್ದು ಮುಸ್ಲಿಮರ ಕಡೆ. ಕೊಂದವನು ಅದೇ ದೇಶದ ಬಲಪಂಥೀಯ ಉಗ್ರ. ಹೆಸರು ಗೊತ್ತಾಗದಿದ್ದರೆ ಅನುಮಾನ ಒಂದಿಡೀ ಸಮುದಾಯದ ತಲೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಖಚಿತವಾದ ಮೇಲೆ ಹೆಸರು ಹಾಕುತ್ತೇವೆ. ಮುಖಪುಟದಲ್ಲಿ ಅವನ ಫೋಟೊ, ಬಂದೂಕು ಹಿಡಿದ ಭಂಗಿ, ಅವನು ಬರೆದಿಟ್ಟ ಘೋಷಣೆ ಬರುವುದಿಲ್ಲ. ನಮ್ಮ ಪುಟಗಳಲ್ಲಿ ಅಂಥದ್ದು ಕಂಡರೆ ದಯವಿಟ್ಟು ಮತ್ತೆ ಬರೆಯಿರಿ.

– ಸಂಪಾದಕ